ಕಾಣದ ಕಿಡಿ, ಕಂಡ ಹೊಗೆ

ಸ್ವೆಟ್ಲಾನಾ ಅಲೆಕ್ಸಿವಿಚ್ ಅವರ ಚೆರ್ನೋಬಿಲ್ ಕುರಿತ ಪುಸ್ತಕ ನಮ್ಮ ಮನೆಯಲ್ಲೊಂದು ಜಗಳಕ್ಕೆ ಕಾರಣವಾಯಿತು. ಓದಿ ಮುಗಿಸಿದ ಅಕ್ಕ, "ಕೈಗಾವನ್ನು ಇವತ್ತೇ ಮುಚ್ಚಬೇಕು ಕಣೋ" ಎಂದಳು. ಎಂಜಿನಿಯರ್ ತಮ್ಮ ಬಿಡುತ್ತಾನೆಯೇ? "ಅಳಿಸುವ ಪುಸ್ತಕ ಓದಿ ವಿಜ್ಞಾನ ಹೇಳಬೇಡ ಅಕ್ಕ. ಅಲ್ಲಿನ ಒಂದನೇ ಘಟಕ 2018ರ ಕೊನೆಯ ಹೊತ್ತಿಗೆ 962 ದಿನ ನಿಲ್ಲದೆ ಓಡಿತ್ತು, ಗೊತ್ತಾ?" ಎಂದ. ತಟ್ಟೆಯಲ್ಲಿ ಸಾರು ಆರುತ್ತಿತ್ತು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಲಿಲ್ಲ.

ಆಮೇಲೆ ನಾನೂ ಓದಿದೆ. 1986ರ ಏಪ್ರಿಲ್ 26ರ ರಾತ್ರಿ ಬೆಂಕಿ ಆರಿಸಲು ಹೋದವನ ಹೆಂಡತಿಯದೇ ಮೊದಲು ಬರುವ ದನಿ. ತಾನು ಬಸುರಿಯೆಂಬುದನ್ನು ಮುಚ್ಚಿಟ್ಟು ಮಾಸ್ಕೋದ ಆಸ್ಪತ್ರೆಯಲ್ಲಿ ಗಂಡನ ಸೇವೆ ಮಾಡುತ್ತಾಳೆ. ಹದಿನಾಲ್ಕು ದಿನಕ್ಕೆ ಅವನು ಹೋಗುತ್ತಾನೆ. ಮುಂದೆ ಹುಟ್ಟಿದ ಮಗುವೂ ಕೆಲವೇ ಗಂಟೆ ಬದುಕುತ್ತದೆ. ಓದಿ ನಾನೂ ಅತ್ತೆ.

ಆದರೂ ನನ್ನದೊಂದು ತಕರಾರಿದೆ. ಹೊಟ್ಟೆಯಲ್ಲಿದ್ದ ಮಗು ವಿಕಿರಣವನ್ನೆಲ್ಲ ಹೀರಿಕೊಂಡು ತನ್ನನ್ನು ಉಳಿಸಿತೆಂದು ಆ ತಾಯಿ ನಂಬುತ್ತಾಳೆ. ವೈದ್ಯವಿಜ್ಞಾನದ ಪ್ರಕಾರ ಹಾಗಾಗುವುದಿಲ್ಲ. ಲೇಖಕಿ ಏನನ್ನೂ ಹೇಳದೆ ಮುಂದೆ ಸಾಗುತ್ತಾರೆ. ದುಃಖ ನಿಜ; ದುಃಖದಲ್ಲಿ ಹೇಳಿದ ಕಾರಣವೆಲ್ಲ ನಿಜವಾಗಬೇಕಿಲ್ಲ. ಅಕ್ಕ ಎರಡನ್ನೂ ಒಂದೇ ಎಂದುಕೊಂಡಳು.

ಜನ ಅಪಾಯವನ್ನು ಸತ್ತವರ ಲೆಕ್ಕದಿಂದಷ್ಟೇ ಅಳೆಯುವುದಿಲ್ಲವೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ 1987ರಲ್ಲೇ ಬರೆದಿದ್ದರು. ಕಣ್ಣಿಗೆ ಕಾಣದ್ದು, ನಾವು ಆರಿಸಿಕೊಳ್ಳದ್ದು, ಒಮ್ಮೆಗೇ ಊರನ್ನು ನುಂಗಬಲ್ಲದ್ದು ಹೆಚ್ಚು ಹೆದರಿಸುತ್ತದೆ. ನಮ್ಮಜ್ಜಿ ಸೌದೆ ಒಲೆಯ ಮುಂದೆ ಕೆಮ್ಮುತ್ತಲೇ ಆಯುಷ್ಯ ಸವೆಸಿದಳು. ಆ ಹೊಗೆಯ ವಿರುದ್ಧ ನಮ್ಮೂರಲ್ಲಿ ಯಾರೂ ಮೆರವಣಿಗೆ ಹೊರಡಲಿಲ್ಲ. ಅದು ದಿನಾ ಕಂಡ ಹೊಗೆ, ನಮ್ಮದೇ ಹೊಗೆ.

ಹಾಗೆಂದು ತಮ್ಮ ಗೆದ್ದನೆಂದಲ್ಲ. ಅವನಿಗೆ ತಾನು ಕಲಿತ ವಿದ್ಯೆಯ ಅಭಿಮಾನ. 962 ನೆನಪಿದೆ, 1994ರಲ್ಲಿ ಕಟ್ಟುತ್ತಿದ್ದಾಗಲೇ ಕೈಗಾದ ಗುಮ್ಮಟ ಕುಸಿದದ್ದು ನೆನಪಿಲ್ಲ. ಶಿವರಾಮ ಕಾರಂತರು ಕೈಗಾ ವಿರೋಧಿಸಿ 1989ರ ಲೋಕಸಭಾ ಚುನಾವಣೆಗೆ ನಿಂತದ್ದು ಬರೀ ಅಂಜಿಕೆಯಿಂದಲೇ? ಅಕ್ಕ ತನ್ನ ಭಯಕ್ಕೆ ಬೇಕಾದ್ದನ್ನು ಆರಿಸಿಕೊಂಡರೆ, ಇವನು ತನ್ನ ಹೆಮ್ಮೆಗೆ ಬೇಕಾದ್ದನ್ನು ಆರಿಸಿಕೊಂಡ.

ಕೈಗಾ ಮುಚ್ಚಿದರೆ ನಮ್ಮ ಮನೆಯ ದೀಪಕ್ಕಾಗಿ ಕಲ್ಲಿದ್ದಲ ಹೊಗೆ ಯಾರ ಊರಿನ ಮೇಲೆ ಬೀಳಬೇಕು ಎಂದು ಅಕ್ಕನನ್ನು ಕೇಳಿದೆ. ತಮ್ಮನ ಕೈಗೆ ಪುಸ್ತಕ ಕೊಟ್ಟು, "ಮೊದಲು ಆ ಹೆಂಗಸಿನ ಮಾತು ಓದು, ಆಮೇಲೆ ಲೆಕ್ಕ ಹೇಳು" ಎಂದೆ.

ಅಕ್ಕ ಇನ್ನೂ ಉತ್ತರ ಕೊಟ್ಟಿಲ್ಲ. ತಮ್ಮ ಪುಸ್ತಕ ಹಿಂತಿರುಗಿಸಿಲ್ಲ.