ಆಯೇರಿ ಸೀರೆಯ ಲೆಕ್ಕ

ತಂಗಿಯ ಮದುವೆ ಜವಳಿ ತರೋಕೆ ಅಂತ ಬೆಂಗಳೂರಿನಿಂದ ಮಸ್ಕಿಗೆ ಹೋದಾಗ ಅವ್ವ ನನ್ನ ಕೈಗೊಂದು ಪಟ್ಟಿ ಕೊಟ್ಟಳು. 62 ಹೆಸರು. ಹೆಂಗಸರಿಗೆ ಸೀರೆ ಇಲ್ಲಾ ಜಂಪರ್ ಪೀಸು, ಗಂಡಸರಿಗೆ ಟವೆಲ್ಲು-ಟೊಪ್ಪಿಗೆ, ಬೀಗರ ಕಡೆ ಹತ್ತಿರದವರಿಗೆ ಪ್ಯಾಂಟು-ಶರ್ಟಿನ ಬಟ್ಟೆ. ಎಲ್ಲವನ್ನೂ ಸಿಂಧನೂರಿನ ಒಂದೇ ಅಂಗಡಿಯಲ್ಲಿ, ಒಂದೇ ಮಧ್ಯಾಹ್ನದಲ್ಲಿ ಕಟ್ಟುಗಟ್ಟಲೆ ತರುವುದು. ಇದೇ ಆಯೇರಿ.

ನನ್ನ ಫೋನಿನಲ್ಲೂ ಒಂದು ಪಟ್ಟಿ ಇತ್ತು. ನಿಮ್ಮ ಫೋನಿನಲ್ಲೂ ಇರಬಹುದು. ಇದು ನಿಜವಾಗಿ ಬೇಕಾ? ಮೂವತ್ತು ಸಲವಾದ್ರೂ ಹಾಕ್ತೀಯಾ? ಯಾವ ನೂಲು? ಹೊಲಿದವರು ಯಾರು? ಕೊನೆಯ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತ ಮೇಲೆ ಜಗತ್ತು ಕೇಳಲು ಶುರುಮಾಡಿದ್ದು. ಅಷ್ಟು ದೂರ ಯಾಕೆ, 2016ರ ಏಪ್ರಿಲಿನಲ್ಲಿ ಪಿಎಫ್ ನಿಯಮ ಬದಲಾಯಿಸಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದು ಸರ್ಕಾರವೇ ಹಿಂದೆ ಸರಿಯುವಂತೆ ಮಾಡಿದರು. ಆವತ್ತು ನಾವು ಟ್ರಾಫಿಕ್ಕನ್ನು ಬೈಯುತ್ತಾ ಕೂತಿದ್ದೆವು, ಅವರೇ ಹೊಲಿದಿರಬಹುದಾದ ಶರ್ಟು ಹಾಕಿಕೊಂಡು.

ಪ್ರಶ್ನೆಗಳು ಒಳ್ಳೆಯವೇ. ನನ್ನ ತಕರಾರು ಬೇರೆ. ಮೊದಲನೆಯದಾಗಿ ಇವು ಹೊಲಿಗೆ ಮಷಿನ್ನಿನ ಹತ್ತಿರ ನಿಂತುಬಿಡುತ್ತವೆ. ಮಸ್ಕಿ, ಲಿಂಗಸುಗೂರು ಕಡೆ ಕಾಲುವೆ ನೀರು ಹತ್ತದ ಎರೆ ಹೊಲಗಳಲ್ಲಿ ಹತ್ತಿ ಬೆಳೆಯುತ್ತಾರೆ. ಬಿಡಿಸುವವರು ಹೆಚ್ಚಾಗಿ ಹೆಂಗಸರು, ಕೂಲಿ ಬಿಡಿಸಿದ ತೂಕದ ಲೆಕ್ಕಕ್ಕೆ. ನಮ್ಮ ಅಜ್ಜಿಯ ಬೆರಳ ತುದಿ ಹತ್ತಿಕಾಯಿಯ ತೊಟ್ಟು ಚುಚ್ಚಿ ಚುಚ್ಚಿ ಒರಟಾಗಿತ್ತು. ಅದಕ್ಕೂ ಹಿಂದೆ ಬೀಜ ಇದೆ. ಹೈಬ್ರಿಡ್ ಹತ್ತಿಬೀಜ ಮಾಡಬೇಕಾದರೆ ಸಂಜೆ ಒಂದೊಂದೇ ಹೂವಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಕೈಯಿಂದಲೇ ಇನ್ನೊಂದು ಹೂವಿನ ಪರಾಗ ಮುಟ್ಟಿಸಬೇಕು. ಸಣ್ಣ ಬೆರಳಿನ ಕೆಲಸ ಅಂತ ಇದಕ್ಕೆ ಹುಡುಗಿಯರನ್ನು ಶಾಲೆ ಬಿಡಿಸಿ ಕರೆದೊಯ್ದದ್ದು ಉತ್ತರ ಕರ್ನಾಟಕದಲ್ಲೂ ಆಂಧ್ರದಲ್ಲೂ ದಾಖಲಾಗಿದೆ. ಎರಡು ಸಾವಿರದ ಸಾವಯವ ಕುರ್ತಾದ ಲೇಬಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದೆ. ಬಣ್ಣ ಯಾವ ಗಿಡದ್ದು ಅಂತ ಬರೆದಿತ್ತು, ಬಿಡಿಸಿದವಳ ಕೂಲಿ ಬರೆದಿರಲಿಲ್ಲ.

ಎರಡನೆಯದು ಇನ್ನೂ ದೊಡ್ಡದು. ಈ ಪಟ್ಟಿ ಮಾಡಿದವರು ಕೊಳ್ಳುವವರೂ ಉಡುವವರೂ ಒಬ್ಬರೇ ಅಂದುಕೊಂಡಿದ್ದಾರೆ. ಆಯೇರಿ ಸೀರೆಯನ್ನು ಉಡುವವರೇ ಇಲ್ಲ! ನಮಗೆ ಬಂದದ್ದು ಟ್ರಂಕಿನಲ್ಲಿ ಕೂತು, ಇನ್ನೊಬ್ಬರ ಮದುವೆಗೆ ಹೋಗಿ, ಅಲ್ಲಿಂದ ಮತ್ತೊಂದು ಟ್ರಂಕಿಗೆ. ಒಮ್ಮೆ ಕವರ್ ಬಿಚ್ಚಿದರೆ ಒಳಗೆ ನಮ್ಮದೇ ಕೈಬರಹದ ಚೀಟಿ ಇತ್ತು. ಮೂರು ವರ್ಷ ಊರು ಸುತ್ತಿ ಮನೆಗೆ ಬಂದಿದ್ದಳು ಮಹಾತಾಯಿ.

ಎಲ್ಲಾ ಪಾಲಿಯೆಸ್ಟರ್, ಅಂದರೆ ಪೆಟ್ರೋಲಿಯಂ. ದಾರ ಎಳೆದು ಕಡ್ಡಿ ಗೀರಿದರೆ ಹತ್ತಿ ಬೂದಿಯಾಗುತ್ತದೆ, ಇದು ಕರಗಿ ಮಣಿಯಾಗುತ್ತದೆ. ಹಳೆಯ ಹತ್ತಿ ಸೀರೆಗಳಾದರೆ ಕೊನೆಗೆ ಕೌದಿಯಾಗುತ್ತಿದ್ದವು. ಇವು ಜಾರುತ್ತವೆ, ಬೆವರು ಹೀರುವುದಿಲ್ಲ, ಕೌದಿಗೂ ಬರಲ್ಲ.

"ಎಲ್ಲಾರಿಗೂ ಇಳಕಲ್ ಕೈಮಗ್ಗದ್ದು ಕೊಡೋಣ" ಅಂದೆ. ಮುದಗಲ್ ದಾಟಿ ಹೋದರೆ ಇಳಕಲ್ಲೇನು ದೂರವಲ್ಲ. ಹೋದೆವು ಕೂಡ. ಇಳಕಲ್ ಸೀರೆಯ ಸೆರಗಿನ ಹಾಸುನೂಲನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಕೂಡಿಸಬೇಕು, ಹಾಗಾಗಿ ಹಾಸನ್ನು ಒಂದೊಂದು ಸೀರೆಗೂ ಬೇರೆ ಬೇರೆಯಾಗಿಯೇ ಅಣಿ ಮಾಡಬೇಕು. ಬೆಲೆ ಆಯೇರಿ ಸೀರೆಯ ಹತ್ತು ಪಟ್ಟಿಗೂ ಹೆಚ್ಚು. ಅದಕ್ಕೆ ಕಾರಣವೂ ಇದೆ, ನ್ಯಾಯವೂ ಇದೆ. ಪಕ್ಕದಲ್ಲೇ ಪವರ್‌ಲೂಮಿನಲ್ಲಿ ನೇಯ್ದ ಅದೇ ಅಂಚಿನ ಸೀರೆ ಅಗ್ಗಕ್ಕೆ 'ಇಳಕಲ್' ಅಂತಲೇ ಮಾರಾಟಕ್ಕಿತ್ತು.

"ಯಪ್ಪಾ, 62 ಮಂದಿಗಿ ಇದನ್ನ ಕೊಟ್ರ ಹೊಲ ಮಾರಬೇಕಾಗ್ತದ" ಅಂದಳು ಅವ್ವ. ಸರಿ, ಯಾರಿಗೂ ಏನೂ ಬೇಡ ಅಂದೆ. ನಮ್ಮೂರಿನ ಶಾಸನದ ಅಶೋಕನೇ ಗಿರ್ನಾರಿನ ಬಂಡೆಯ ಮೇಲೆ ಕಡಿಮೆ ಖರ್ಚು ಮಾಡಿ, ಕಡಿಮೆ ಕೂಡಿಡಿ ಅಂತ ಬರೆಸಿದ್ದಾನೆ ಅಂತಲೂ ಹೇಳಿದೆ. "ಅಂವಾ ರಾಜ. ಅವನ್ನ ಯಾರು ಕೇಳ್ತಾರ? ನನ್ನ ಕೇಳ್ತಾರ" ಅಂದಳು.

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆಯೇರಿ ನಿಲ್ಲಿಸಿದರೆ ಕೆಟ್ಟ ಹೆಸರು ಬರುವುದು ನನಗಲ್ಲ, ಅವಳಿಗೆ. ಭೂಮಿ ಉಳಿಸಿದ ಪುಣ್ಯ ಮಾತ್ರ ನನಗೆ.

ಎರಡು ದಿನ ಜಗಳಾಡಿ 62 ಅನ್ನು 23ಕ್ಕೆ ಇಳಿಸಿದೆವು. ತಂಗಿಗೊಂದು, ಬೀಗತಿಗೊಂದು ಕೈಮಗ್ಗದ ಇಳಕಲ್. ಉಳಿದ ಇಪ್ಪತ್ತೊಂದು ಸಿಂಧನೂರಿನ ಕಟ್ಟೇ. ಪಟ್ಟಿಯಿಂದ ಬಿಟ್ಟವರಿಗೆ ಲಕೋಟೆಯಲ್ಲಿ ರೊಕ್ಕ. ಲಿಂಗಸುಗೂರಿನ ಸೋದರತ್ತೆ ಮಂಟಪದಲ್ಲೇ ಮುಖ ಊದಿಸಿಕೊಂಡಳು. ಹದಿನೈದು ದಿನಕ್ಕೆ ಅವಳದೇ ಫೋನು: ಆ ರೊಕ್ಕದಲ್ಲಿ ಸೀರೆ ತಗೊಂಡಳಂತೆ, ದಿನ ಬಿಟ್ಟು ದಿನ ಅದನ್ನೇ ಉಡ್ತಾಳಂತೆ.

"ಯಾವ ಬಟ್ಟಿ ಅತ್ತಿ, ಕಾಟನ್ನಾ?"

"ಹುಚ್ಚಪ್ಪ, ಕಾಟನ್ ಯಾರು ಇಸ್ತ್ರಿ ಮಾಡ್ಬೇಕು? ಪಾಲಿಸ್ಟರ್. ಒಗದ್ರ ಲಗೂನ ಒಣಗ್ತದ."