‘ನಿಮ್ಮ ಬಗ್ಗೆ ಹೇಳಿದ್ದಲ್ಲ ಮಾರಾಯ್ರೆ’

ಕ್ಷೌರದಂಗಡಿ, ಚಹಾದಂಗಡಿಗಳಲ್ಲಿ ‘ಇಲ್ಲಿ ರಾಜಕೀಯ ಮಾತನಾಡಬಾರದು’ ಎಂಬ ಫಲಕ ಹೊಸದೇನಲ್ಲ. ಕತ್ತಿ ಹಿಡಿದವನ ಕೈ ನಡುಗಬಾರದಲ್ಲ! ಅಂಗಡಿಯವನ ಮಟ್ಟಿಗೆ ಅದು ನ್ಯಾಯವೇ. ಆದರೆ ಆ ಫಲಕವನ್ನು ನಾವೀಗ ಗೆಳೆತನದ ಬಾಗಿಲಿಗೂ ತೂಗುಹಾಕಿಕೊಂಡಿದ್ದೇವೆ. ರಾಜಕೀಯ ಇಂದು ಬರುತ್ತದೆ, ನಾಳೆ ಹೋಗುತ್ತದೆ, ಸ್ನೇಹ ಉಳಿಯಬೇಕು ಎಂಬ ಬುದ್ಧಿಮಾತು ಎಲ್ಲರ ಬಾಯಲ್ಲಿದೆ. ಯಾವ ಪಕ್ಷಕ್ಕೆ ಎಷ್ಟು ಸ್ಥಾನ ಎಂಬಂಥ ವಾದಗಳ ಬಗ್ಗೆ ಈ ಮಾತು ನಿಜ. ಅವುಗಳಲ್ಲಿ ಸೋತುಕೊಟ್ಟರೆ ಯಾರಿಗೂ ನಷ್ಟವಿಲ್ಲ. ಎಲ್ಲ ವಾದಗಳೂ ಅಂಥವೇ?

ಗಾಂಧಿ–ಠಾಗೋರರ ಗೆಳೆತನ ಈ ಬುದ್ಧಿಮಾತಿಗೆ ಒಳ್ಳೆಯ ಒರೆಗಲ್ಲು. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ದಕ್ಷಿಣದಲ್ಲಿ ಅಸ್ಪೃಶ್ಯತೆಯ ವಿರುದ್ಧ ಪ್ರವಾಸ ಮಾಡುತ್ತಿದ್ದ ಗಾಂಧೀಜಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಠಾಗೋರರು ಸುಮ್ಮನಿರಬಹುದಿತ್ತು. ಅಸ್ಪೃಶ್ಯತೆ ತೊಲಗಬೇಕೆಂಬಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಸನಾತನಿಗಳು ಗಾಂಧೀಜಿಯ ಮೇಲೆ ಮುಗಿಬಿದ್ದಿದ್ದ ಸಮಯ ಬೇರೆ. ಈಗ ಬಾಯಿ ಬಿಟ್ಟರೆ ವಿರೋಧಿಗಳ ಕೈಗೆ ಕೋಲು ಕೊಟ್ಟಂತೆ ಎಂದು ನಮ್ಮಂಥವರು ಸಲಹೆ ಕೊಡುತ್ತಿದ್ದೆವೇನೋ. ಠಾಗೋರರು ಬರೆದರು. ನಿಸರ್ಗದ ವಿಕೋಪಕ್ಕೆ ನಿಸರ್ಗದಲ್ಲೇ ಕಾರಣವಿದೆ. ಇದೇ ತರ್ಕವನ್ನು ತಿರುಗಿಸಿ, ಭೂಕಂಪಕ್ಕೆ ನಿಮ್ಮ ಚಳವಳಿಯೇ ಕಾರಣವೆಂದು ಸನಾತನಿಗಳೂ ಹೇಳಬಹುದಲ್ಲ ಎಂಬುದು ಅವರ ವಾದ. ಆದರೆ ಆ ಬರಹವನ್ನು ಕಳಿಸಿದ್ದು ಗಾಂಧೀಜಿಗೇ. ಗಾಂಧೀಜಿ ಅದನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಫೆಬ್ರವರಿ 16ರಂದು ಅಚ್ಚುಹಾಕಿ, ಒಪ್ಪುವುದಿಲ್ಲವೆಂದು ಉತ್ತರ ಬರೆದರು. ಇಬ್ಬರೂ ಮಣಿಯಲಿಲ್ಲ. 1940ರಲ್ಲಿ, ತಮ್ಮ ವಿಶ್ವಭಾರತಿಯನ್ನು ನೋಡಿಕೊಳ್ಳಿ ಎಂದು ಠಾಗೋರರು ಕೇಳಿಕೊಂಡದ್ದು ಇದೇ ಗೆಳೆಯನನ್ನು.

ಹಾಗೆಂದು ಅವರು ಸದಾ ವಾದಕ್ಕೆ ನಿಂತವರಲ್ಲ. 1932ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕುಳಿತಾಗ ಪೂನಾ ಒಪ್ಪಂದವನ್ನು ಬೆಂಬಲಿಸಿದರು. ಗೆಳೆಯನ ಪ್ರಾಣದ ಚಿಂತೆಯಲ್ಲಿ ಪೂರ್ತಿ ಯೋಚಿಸದೆ ಒಪ್ಪಿದೆ, ಅದರಿಂದ ಬಂಗಾಳಕ್ಕೆ ಅನ್ಯಾಯವಾಯಿತು ಎಂದದ್ದು ಮರುವರ್ಷ. ಸಾವಿನ ಮುಂದೆ ಕುಳಿತವನೊಡನೆ ವಾದಿಸುವುದು ಹೇಗೆ? ಅರ್ಥವಾಗುತ್ತದೆ. ಆದರೆ ಅದೇ ಚಿಂತೆಯನ್ನು ಇಡೀ ದೇಶ ಡಾ. ಅಂಬೇಡ್ಕರರ ಹೆಗಲ ಮೇಲೆ ಹೇರಿತ್ತು. ಪ್ರತ್ಯೇಕ ಮತಕ್ಷೇತ್ರವನ್ನು ಬಿಟ್ಟುಕೊಟ್ಟು ಸಹಿ ಹಾಕಬೇಕಾಗಿ ಬಂದವರು ಅವರು. ಗೆಳೆಯರ ಮೌನಕ್ಕೆ ಬೆಲೆ ತೆರುವವರು ಅನೇಕ ಸಲ ಆ ಗೆಳೆತನದ ಹೊರಗಿರುತ್ತಾರೆ.

ದೊಡ್ಡವರ ಮಾತು ಬಿಡೋಣ. ಹಳೆಯ ಗೆಳೆಯರೊಬ್ಬರ ಗೃಹಪ್ರವೇಶದ ಊಟಕ್ಕೆ ನಾವು ಹೋಗಿದ್ದೆವು. ‘ಆ ಜನರಿಗೆ ಮನೆ ಬಾಡಿಗೆಗೆ ಕೊಡಬಾರದು’ ಎಂದು ಮಾತಿನ ನಡುವೆ ಹೇಳಿದವರು ನಮ್ಮ ಮುಖ ನೋಡಿ, ‘ನಿಮ್ಮ ಬಗ್ಗೆ ಹೇಳಿದ್ದಲ್ಲ ಮಾರಾಯ್ರೆ’ ಎಂದು ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ನಾವು ನಕ್ಕು ತಿಂದೆವು. ಶುಭಕಾರ್ಯದ ಮನೆಯಲ್ಲಿ, ಹತ್ತು ಜನರೆದುರು ಜಗಳವೇಕೆ? ಅಂದು ಸುಮ್ಮನಿದ್ದುದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಮರುದಿನ ಹೋಗಿ ಅವರೊಬ್ಬರೊಡನೆಯೇ ಕುಳಿತು ಕೇಳಬಹುದಿತ್ತು. ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ.

ಅವರ ಮೇಲಂತಸ್ತು ಬಾಡಿಗೆಗೆ ಖಾಲಿಯಿತ್ತು. ತಿಂಗಳೊಳಗೆ, ಊರಿಗೆ ವರ್ಗವಾಗಿ ಬಂದ ನಮ್ಮವರೇ ಆದ ಶಿಕ್ಷಕರೊಬ್ಬರು ಎಲ್ಲಾದರೂ ಮನೆ ಇದೆಯೇ ಎಂದು ವಿಚಾರಿಸಿದರು. ನಾವು ಒಂದಷ್ಟು ಮನೆಗಳ ಗುರುತು ಹೇಳಿದೆವು. ಆ ಮನೆಯನ್ನು ಬಿಟ್ಟು.