ಗುಡೇಕೋಟೆಯ ಮಗಳು, ದುರ್ಗದ ಸೊಸೆ: ಓಬವ್ವನ ಸ್ಮಾರಕಗಳ ವಿಮರ್ಶೆ

ಸ್ಮಾರಕವೊಂದು ವ್ಯಕ್ತಿಯ ಚರಿತ್ರೆಯನ್ನು ಎಷ್ಟರಮಟ್ಟಿಗೆ ಉಳಿಸಬಲ್ಲದು ಎಂಬುದನ್ನು ಪರಿಶೀಲಿಸಲು ಒನಕೆ ಓಬವ್ವನ ಸ್ಮಾರಕಗಳು ತಕ್ಕ ನಿದರ್ಶನವಾಗಿವೆ. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಆಕೆಯ ಹೆಸರಿದೆ. ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ಅಶೋಕ ಗುಡಿಗಾರರು ನಿರ್ಮಿಸಿದ ಪ್ರತಿಮೆಯಿದೆ. ನವೆಂಬರ್ 11ರಂದು ಆಕೆಯ ಜಯಂತಿಯನ್ನು ಆಚರಿಸಲು ರಾಜ್ಯ ಸರ್ಕಾರವು 2021ರಲ್ಲಿ ನಿರ್ಧರಿಸಿತು. ಅರಸುಮನೆತನಕ್ಕೆ ಸೇರದ, ಛಲವಾದಿ ಸಮುದಾಯದ ಕಾವಲುಗಾರನೊಬ್ಬನ ಮಡದಿಗೆ ಈ ಮನ್ನಣೆ ದೊರೆತುದು ಯುಕ್ತವೇ ಸರಿ. ಆದರೆ ಮನ್ನಣೆಯೊಡನೆ ಚರಿತ್ರೆಯ ಅರಿವೂ ಬೆಳೆದಿದೆಯೇ ಎಂಬುದು ವಿಚಾರಾರ್ಹವಾಗಿದೆ.

ಮದಕರಿನಾಯಕನ ಆಳ್ವಿಕೆಯಲ್ಲಿ (1754-1779) ಹೈದರಾಲಿಯ ಸೈನಿಕರು ಬಂಡೆಗಳ ನಡುವಣ ಕಿಂಡಿಯೊಂದರ ಮೂಲಕ ಕೋಟೆಯೊಳಕ್ಕೆ ನುಸುಳತೊಡಗಿದರೆಂದೂ, ಪತಿಯಾದ ಕಹಳೆಯ ಮುದ್ದಹನುಮನು ಊಟಕ್ಕೆ ಕುಳಿತಿದ್ದಾಗ ನೀರಿಗೆ ಬಂದ ಓಬವ್ವನು ಒನಕೆಯಿಂದ ಅವರನ್ನು ಒಬ್ಬೊಬ್ಬರನ್ನಾಗಿ ಕೊಂದಳೆಂದೂ ಐತಿಹ್ಯವು ಹೇಳುತ್ತದೆ. ಆಕೆಯ ಮರಣವು ಆಘಾತದಿಂದಾಯಿತೆಂದು ಕೆಲವರೂ, ಶತ್ರುಗಳಿಂದಾಯಿತೆಂದು ಕೆಲವರೂ ಹೇಳುವರು. ಜನರ ನೆನಪು ಕಾಪಾಡಿಕೊಂಡು ಬಂದಿರುವುದು ಕೃತ್ಯವನ್ನು, ಜನ್ಮದಿನವನ್ನಲ್ಲ. ಜಯಂತಿಯು ಒಂದು ದಿನವನ್ನು ನಿಶ್ಚಯಿಸುತ್ತದೆ, ಪ್ರತಿಮೆಯು ಒಂದು ಭಂಗಿಯನ್ನು. 1972ರ 'ನಾಗರಹಾವು' ಚಲನಚಿತ್ರವಂತೂ ಒಂದೇ ಕಥನವನ್ನು ನಾಡಿನಾದ್ಯಂತ ನೆಲೆಗೊಳಿಸಿತು. ಹೀಗೆ ಪಾಠಾಂತರಗಳು ಮರೆಯಾಗುವ ಭಯವಿದೆ.

ಇವೆಲ್ಲಕ್ಕಿಂತ ಗಮನಾರ್ಹವಾದ ಕೊರತೆಯು ತವರಿಗೆ ಸಂಬಂಧಿಸಿದುದು. ಓಬವ್ವನ ತವರು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯೆಂಬ ಐತಿಹ್ಯವು ಆ ಸೀಮೆಯಲ್ಲಿ ಪ್ರಚಲಿತವಾಗಿದೆ. ಗುಡೇಕೋಟೆಯೂ ಪಾಳೆಯಗಾರರ ನೆಲೆಯೇ. 1799ರಲ್ಲಿ ಚಿತ್ರದುರ್ಗವು ಮೈಸೂರು ಸಂಸ್ಥಾನಕ್ಕೆ ಸೇರಿತು; 1800ರಲ್ಲಿ ಬಳ್ಳಾರಿ ಸೀಮೆಯು ನಿಜಾಮನಿಂದ ಕಂಪನಿಯ ವಶವಾಗಿ ಮದರಾಸಿಗೆ ಸೇರಿತು. ತವರಿಗೂ ಗಂಡನ ಮನೆಗೂ ನಡುವೆ 1953ರವರೆಗೆ ಆಡಳಿತದ ಗಡಿಯೊಂದು ನಿಂತಿತು. ದುರ್ಗದ ಚರಿತ್ರೆಯನ್ನು ಮೈಸೂರಿನ ಕಡೆಯಿಂದಲೇ ನೋಡುವ ರೂಢಿಗೆ ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ. ಕೂಡ್ಲಿಗಿಯು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತಾದರೂ ಈ ದೃಷ್ಟಿ ಬದಲಾಗಬೇಕಾಗಿದೆ.

ಓಬವ್ವನ ನಿಜವಾದ ಸ್ಮಾರಕವು ದುರ್ಗದಲ್ಲಿರುವ ಕಿಂಡಿಯೇ. ಒಬ್ಬರು ಮಾತ್ರ ನುಸುಳಬಹುದಾದ ಆ ಇಕ್ಕಟ್ಟನ್ನು ಕಂಡವರಿಗೆ ಕಥೆಯ ಸಂಭಾವ್ಯತೆಯು ಮನವರಿಕೆಯಾಗುತ್ತದೆ. ಗುಡೇಕೋಟೆಯಲ್ಲಿ ಬೇಕಾದುದು ಮತ್ತೊಂದು ಪ್ರತಿಮೆಯಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಾಲೇಜು ವಿದ್ಯಾರ್ಥಿಗಳು ತಮ್ಮ ಊರುಗಳ ವೃದ್ಧರಿಂದ ಈ ಕಥೆಯ ಪಾಠಗಳನ್ನು ಸಂಗ್ರಹಿಸಿ, ಹೇಳಿದವರ ಊರು ಮತ್ತು ದಿನಾಂಕಗಳೊಡನೆ ಬರೆದಿಡಬೇಕು. ಐತಿಹ್ಯವನ್ನು ಐತಿಹ್ಯವೆಂದೇ ನಮೂದಿಸುವುದರಿಂದ ಓಬವ್ವನ ಕೀರ್ತಿಗೆ ಕುಂದಿಲ್ಲ. ಮುಂದಿನ ಸಂಶೋಧಕನಿಗೆ ಮಾತ್ರ ಅದು ದಾರಿಯಾಗುವುದು.